ಮೊಡವೆ, ಬೇಡದ ಕೂದಲು ಮತ್ತು ಬೆಳಕಿನ ಚಿಕಿತ್ಸೆ: ಚರ್ಮದ ಬಣ್ಣ ಏಕೆ ಮುಖ್ಯ?

'ನೋವಿಲ್ಲದೆ, ಶಾಶ್ವತವಾಗಿ ಕೂದಲು ನಿವಾರಣೆ', 'ಮೊಡವೆಗೆ ಲೇಸರ್ ಪರಿಹಾರ' - ಇಂಥ ಫಲಕಗಳನ್ನು ನೀವು ನೋಡಿಯೇ ಇರುತ್ತೀರಿ. ಒಂದು ಕಾಲದಲ್ಲಿ ದೊಡ್ಡ ನಗರಗಳಿಗೆ ಸೀಮಿತವಾಗಿದ್ದ ಈ ಚಿಕಿತ್ಸೆಗಳು ಈಗ ಜಿಲ್ಲಾ ಕೇಂದ್ರಗಳಲ್ಲೂ ದೊರೆಯುತ್ತವೆ. ಮನೆಯಲ್ಲೇ ಬಳಸುವ ಸಾಧನಗಳೂ ಮಾರುಕಟ್ಟೆಯಲ್ಲಿವೆ. ಇವುಗಳ ಬಗ್ಗೆ ಹೆಚ್ಚು ಆಸಕ್ತಿ ತೋರುವವರು ಪ್ರೌಢಶಾಲೆ ಮತ್ತು ಕಾಲೇಜಿನ ವಯಸ್ಸಿನವರು. ಮುಖದ ಮೇಲಿನ ಮೊಡವೆ ಅಥವಾ ಮೇಲ್ತುಟಿಯ ಕೂದಲು ಆ ವಯಸ್ಸಿನಲ್ಲಿ ಎಷ್ಟು ಕೀಳರಿಮೆ ತರುತ್ತದೆ ಎಂಬುದು ಶಿಕ್ಷಕರಿಗೆ ಗೊತ್ತಿರುವ ವಿಷಯವೇ.

ಇಲ್ಲಿ ಒಂದು ಸಹಜ ಪ್ರಶ್ನೆ ಏಳುತ್ತದೆ. ಚರ್ಮದ ಮೇಲೆ ಬಿದ್ದ ಬೆಳಕು ಚರ್ಮವನ್ನು ಸುಡದೆ, ಅದರೊಳಗೆ ಹುದುಗಿರುವ ಕೂದಲಿನ ಬೇರನ್ನು ಮಾತ್ರ ಹೇಗೆ ಸುಡುತ್ತದೆ? ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯೂ ಇದೆ. ಬಿಳಿ ಚರ್ಮದವರಿಗೆ ಹೊಂದುವ ಬೆಳಕು ನಮ್ಮಂಥ ಕಂದು ಚರ್ಮದವರಿಗೂ ಹಾಗೆಯೇ ಹೊಂದುತ್ತದೆಯೇ? ಎರಡೂ ಪ್ರಶ್ನೆಗಳಿಗೆ ಉತ್ತರ ಪ್ರೌಢಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಆ ಉತ್ತರ ತಿಳಿಯದೆ ಚಿಕಿತ್ಸೆಗೆ ಒಳಗಾದರೆ ಸುಟ್ಟ ಗಾಯ ಮತ್ತು ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ನಮ್ಮ ಪಾಲಾಗಬಹುದು.

ಚರ್ಮದೊಳಗೆ ಬೆಳಕಿನ ಪಯಣ

ಒಂದು ಸರಳ ಪ್ರಯೋಗ ಮಾಡಿ. ಕತ್ತಲೆಯ ಕೋಣೆಯಲ್ಲಿ ಬಿಳಿ ಬೆಳಕಿನ ಟಾರ್ಚನ್ನು ನಿಮ್ಮ ಬೆರಳುಗಳಿಗೆ ಒತ್ತಿ ಹಿಡಿಯಿರಿ. ಆಚೆ ಬದಿಯಿಂದ ಹೊರಬರುವ ಬೆಳಕು ಕೆಂಪಾಗಿರುತ್ತದೆ. ಟಾರ್ಚಿನ ಬೆಳಕಿನಲ್ಲಿ ನೀಲಿ, ಹಸಿರು ಎಲ್ಲವೂ ಇದ್ದವಲ್ಲ, ಅವೆಲ್ಲ ಎಲ್ಲಿ ಹೋದವು? ಅವುಗಳನ್ನು ಬಹುಮಟ್ಟಿಗೆ ಬೆರಳು ಹೀರಿಕೊಂಡಿತು. ಬೆಳಕು ಕೆಂಪಿನ ಕಡೆಗೆ ಸಾಗಿದಷ್ಟೂ, ಅಂದರೆ ಅದರ ತರಂಗಾಂತರ ಹೆಚ್ಚಿದಷ್ಟೂ, ಅಂಗಾಂಶದೊಳಗೆ ಅದು ಆಳಕ್ಕೆ ಹೋಗುತ್ತದೆ. ಸುಮಾರು 1,100 ನ್ಯಾನೊಮೀಟರ್‌ವರೆಗೆ ಈ ಮಾತು ಸರಿ. ಅದರಾಚೆಗೆ ಅಂಗಾಂಶದಲ್ಲಿರುವ ನೀರೇ ಬೆಳಕನ್ನು ಹೀರತೊಡಗುತ್ತದೆ.

ಚರ್ಮದ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ಭಾಗ ಪ್ರತಿಫಲಿಸುತ್ತದೆ, ಸ್ವಲ್ಪ ಭಾಗ ಚದರುತ್ತದೆ, ಉಳಿದದ್ದು ಹೀರಲ್ಪಡುತ್ತದೆ. ಚಿಕಿತ್ಸೆಯ ಪರಿಣಾಮ ಉಂಟಾಗುವುದು ಹೀರಲ್ಪಟ್ಟ ಬೆಳಕಿನಿಂದ ಮಾತ್ರ. ಪ್ರತಿಫಲಿಸಿದ ಅಥವಾ ದಾಟಿಹೋದ ಬೆಳಕು ಆ ಜಾಗದಲ್ಲಿ ಏನನ್ನೂ ಮಾಡುವುದಿಲ್ಲ. ಚರ್ಮದಲ್ಲಿ ಬೆಳಕನ್ನು ಹೀರುವ ಪ್ರಧಾನ ವಸ್ತುಗಳು ಮೂರು. ಚರ್ಮಕ್ಕೆ ಮತ್ತು ಕೂದಲಿಗೆ ಬಣ್ಣ ಕೊಡುವ ಮೆಲನಿನ್, ರಕ್ತದ ಹಿಮೋಗ್ಲೋಬಿನ್ ಮತ್ತು ನೀರು. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಹೀರಿಕೆಯ ರೋಹಿತವಿದೆ. ಮೆಲನಿನ್ ಅತಿನೇರಳೆಯನ್ನು ಅತಿ ಹೆಚ್ಚಾಗಿ ಹೀರುತ್ತದೆ. ತರಂಗಾಂತರ ಹೆಚ್ಚಿದಂತೆ ಅದರ ಹೀರಿಕೆ ಇಳಿಯುತ್ತಾ ಹೋಗುತ್ತದೆ. ಹಿಮೋಗ್ಲೋಬಿನ್ ನೀಲಿ, ಹಸಿರು ಮತ್ತು ಹಳದಿ ಭಾಗಗಳಲ್ಲಿ ಹೆಚ್ಚು ಹೀರಿ, ಕೆಂಪನ್ನು ಬಿಟ್ಟುಕೊಡುತ್ತದೆ. ಬೆರಳು ಕೆಂಪಾಗಿ ಕಂಡದ್ದು ಅದರಿಂದಲೇ.

ಕೂದಲನ್ನು ಗುರಿಯಾಗಿಸಬೇಕಾದರೆ ಮೆಲನಿನ್ ಚೆನ್ನಾಗಿ ಹೀರುವ, ರಕ್ತ ಮತ್ತು ನೀರು ಅಷ್ಟಾಗಿ ಹೀರದ, ಕೆಲವು ಮಿಲಿಮೀಟರ್ ಆಳಕ್ಕೆ ಇಳಿಯಬಲ್ಲ ಬೆಳಕು ಬೇಕು. 600ರಿಂದ 1,100 ನ್ಯಾನೊಮೀಟರ್ ನಡುವಿನ ಕೆಂಪು ಮತ್ತು ಸಮೀಪದ ಅವಕೆಂಪು ಬೆಳಕು ಈ ಷರತ್ತುಗಳನ್ನು ಪೂರೈಸುತ್ತದೆ.

ಲೇಸರ್ ಮತ್ತು ಐಪಿಎಲ್

ಲೇಸರಿನ ತಳಹದಿಯಾದ ಚೋದಿತ ಉತ್ಸರ್ಜನೆಯ ಕಲ್ಪನೆಯನ್ನು ಐನ್‌ಸ್ಟೈನ್ 1917ರಲ್ಲಿ ಮಂಡಿಸಿದರು. ಮೊದಲ ಲೇಸರನ್ನು ಅಮೆರಿಕದ ಥಿಯೊಡೋರ್ ಮೈಮನ್ 1960ರ ಮೇ 16ರಂದು ಬೆಳಗಿಸಿದರು. ಅದು ಮಾಣಿಕ್ಯದ ಹರಳನ್ನು ಬಳಸಿದ ರೂಬಿ ಲೇಸರ್. ಅದರ ತರಂಗಾಂತರ 694 ನ್ಯಾನೊಮೀಟರ್. ಅಮೆರಿಕದ ಚರ್ಮತಜ್ಞ ಲಿಯಾನ್ ಗೋಲ್ಡ್‌ಮನ್ 1960ರ ದಶಕದ ಆರಂಭದಲ್ಲೇ ಲೇಸರ್ ಬೆಳಕು ಚರ್ಮದ ಮೇಲೆ ಮಾಡುವ ಪರಿಣಾಮಗಳನ್ನು ಅಭ್ಯಸಿಸತೊಡಗಿದರು. ಬಣ್ಣವುಳ್ಳ ಭಾಗಗಳು ಹೆಚ್ಚಾಗಿ ಬಾಧೆಗೊಳಗಾಗುತ್ತವೆ ಎಂಬುದು ಆಗಲೇ ಕಂಡುಬಂದಿತ್ತು.

ಇಂದು ಕೂದಲಿನ ಚಿಕಿತ್ಸೆಗೆ ಬಳಕೆಯಲ್ಲಿರುವ ಮುಖ್ಯ ಲೇಸರ್‌ಗಳು ಮೂರು. 755 ನ್ಯಾನೊಮೀಟರಿನ ಅಲೆಕ್ಸಾಂಡ್ರೈಟ್, 800-810 ನ್ಯಾನೊಮೀಟರಿನ ಡಯೋಡ್ ಹಾಗೂ 1,064 ನ್ಯಾನೊಮೀಟರಿನ ಎನ್‌ಡಿ-ಯಾಗ್. ಈ ಸಂಖ್ಯೆಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

ಐಪಿಎಲ್ ಎಂಬ ಹೆಸರನ್ನೂ ನೀವು ಕೇಳಿರಬಹುದು. 'ತೀವ್ರ ಸ್ಪಂದ ಬೆಳಕು' ಎಂದು ಇದನ್ನು ಕರೆಯಬಹುದು. ಅನೇಕ ಕಡೆ ಇದನ್ನೂ ಲೇಸರ್ ಎಂದೇ ಹೇಳಿ ಮಾರುತ್ತಾರಾದರೂ ಇದು ಲೇಸರ್ ಅಲ್ಲ. ಕ್ಯಾಮೆರಾದ ಫ್ಲಾಷಿನಂತೆ ಜ಼ೆನಾನ್ ದೀಪವೊಂದು ಕ್ಷಣಕಾಲ ಬೆಳಗಿ, ಸುಮಾರು 500ರಿಂದ 1,200 ನ್ಯಾನೊಮೀಟರ್‌ವರೆಗಿನ ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಹೊಮ್ಮಿಸುತ್ತದೆ. ಬೇಡವಾದ ಭಾಗವನ್ನು ಶೋಧಕಗಳಿಂದ ತಡೆಯುತ್ತಾರೆ. ಮನೆಯಲ್ಲಿ ಬಳಸುವ ಕೂದಲು ನಿವಾರಕ ಸಾಧನಗಳಲ್ಲಿ ಹೆಚ್ಚಿನವು ಈ ಬಗೆಯವು.

ಸಾಸಿವೆ ಮತ್ತು ಆಲೂಗಡ್ಡೆ

ಸರಿಯಾದ ತರಂಗಾಂತರ ಆಯ್ದರಷ್ಟೇ ಸಾಲದು. ಬೆಳಕನ್ನು ಎಷ್ಟು ಹೊತ್ತು ಹಾಯಿಸಬೇಕು ಎಂಬುದೂ ಅಷ್ಟೇ ಮುಖ್ಯ. ಇದನ್ನು ಸ್ಪಷ್ಟವಾಗಿ ಮಂಡಿಸಿದವರು ಅಮೆರಿಕದ ಬಾಸ್ಟನ್ನಿನ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್. 1983ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಚರ್ಮದ ಲೇಸರ್ ಚಿಕಿತ್ಸೆಗೆ ಶಾಸ್ತ್ರೀಯ ಬುನಾದಿ ಹಾಕಿತು. ಅವರು ಮಂಡಿಸಿದ ತತ್ತ್ವವನ್ನು ಕನ್ನಡದಲ್ಲಿ 'ಆಯ್ದ ದ್ಯುತಿ-ಉಷ್ಣ ವಿಘಟನೆ' ಎನ್ನಬಹುದು.

ಹೆಸರು ಕ್ಲಿಷ್ಟವೆನಿಸಿದರೂ ತತ್ತ್ವ ಅಡುಗೆಮನೆಯಲ್ಲೇ ಇದೆ. ಬಿಸಿ ಎಣ್ಣೆಯಿಂದ ತೆಗೆದ ಸಾಸಿವೆ ಕಾಳು ಕ್ಷಣದಲ್ಲಿ ತಣ್ಣಗಾಗುತ್ತದೆ. ಬೇಯಿಸಿದ ಆಲೂಗಡ್ಡೆ ಬಹಳ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅಂದರೆ ಚಿಕ್ಕ ವಸ್ತು ಬೇಗ ಶಾಖ ಕಳೆದುಕೊಳ್ಳುತ್ತದೆ, ದೊಡ್ಡದು ನಿಧಾನವಾಗಿ. ಚರ್ಮದೊಳಗಿನ ಸೂಕ್ಷ್ಮ ರಚನೆಗಳಿಗೂ ಇದು ಅನ್ವಯಿಸುತ್ತದೆ. ಬಿಸಿಯಾದ ಒಂದು ರಚನೆ ತನ್ನ ಶಾಖದ ಹೆಚ್ಚಿನ ಭಾಗವನ್ನು ಸುತ್ತಲಿನ ಅಂಗಾಂಶಕ್ಕೆ ಬಿಟ್ಟುಕೊಡಲು ತೆಗೆದುಕೊಳ್ಳುವ ಕಾಲವನ್ನು 'ಉಷ್ಣ ವಿಶ್ರಾಂತಿ ಕಾಲ' ಎನ್ನುತ್ತಾರೆ. ಅದು ರಚನೆಯ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಉರುಳೆಯಾಕಾರದ ರಚನೆಗೆ ಈ ಕಾಲವನ್ನು ಅಂದಾಜು ಮಾಡಲು, ವ್ಯಾಸದ ವರ್ಗವನ್ನು ಅಂಗಾಂಶದ ಉಷ್ಣ ವಿಸರಣಾಂಕದ 16 ಪಟ್ಟಿನಿಂದ ಭಾಗಿಸುತ್ತಾರೆ. ಚರ್ಮದ ಉಷ್ಣ ವಿಸರಣಾಂಕ ಸೆಕೆಂಡಿಗೆ ಸುಮಾರು 0.13 ಚದರ ಮಿಲಿಮೀಟರ್. ಅದರ 16 ಪಟ್ಟು ಎಂದರೆ 2.08.

0.2 ಮಿಲಿಮೀಟರ್ ದಪ್ಪದ ರೋಮಕೂಪಕ್ಕೆ: 0.04 ÷ 2.08 = 0.019 ಸೆಕೆಂಡು, ಅಂದರೆ ಸುಮಾರು 19 ಮಿಲಿಸೆಕೆಂಡು.

0.07 ಮಿಲಿಮೀಟರ್ ದಪ್ಪದ ಕೂದಲೆಳೆಗೆ: 0.0049 ÷ 2.08 = 0.0024 ಸೆಕೆಂಡು, ಅಂದರೆ ಸುಮಾರು 2.4 ಮಿಲಿಸೆಕೆಂಡು.

ಜೀವಕೋಶದೊಳಗಿನ ಮೆಲನಿನ್ ಕಣದ ವ್ಯಾಸ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ಅದರ ವಿಶ್ರಾಂತಿ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೂ ಕಡಿಮೆ. ಚರ್ಮದ ಹೊರಪದರ ಸುಮಾರು 0.1 ಮಿಲಿಮೀಟರ್ ದಪ್ಪವಾಗಿದ್ದು, ಅದರ ವಿಶ್ರಾಂತಿ ಕಾಲ ಕೆಲವೇ ಮಿಲಿಸೆಕೆಂಡುಗಳು.

ಈಗ ಬೆಳಕಿನ ಸ್ಪಂದವನ್ನು 20-30 ಮಿಲಿಸೆಕೆಂಡು ಹಾಯಿಸಿದೆವೆನ್ನಿ. ಹೊರಪದರದಲ್ಲಿನ ಮೆಲನಿನ್ ಕೂಡ ಬಿಸಿಯಾಗುತ್ತದೆ. ಆದರೆ ಸ್ಪಂದ ಮುಗಿಯುವ ಮೊದಲೇ ಅದು ತನ್ನ ಶಾಖವನ್ನು ಕಳೆದುಕೊಳ್ಳತೊಡಗಿರುತ್ತದೆ. ದಪ್ಪನೆಯ ರೋಮಕೂಪ ಮಾತ್ರ ಶಾಖವನ್ನು ಹಿಡಿದಿಟ್ಟುಕೊಂಡು ಇನ್ನೂ ಕಾಯುತ್ತದೆ. ಅಂಗಾಂಶದ ಪ್ರೋಟೀನುಗಳು ಸುಮಾರು 60-70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತವೆ. ಮೊಟ್ಟೆ ಬೇಯುವಾಗ ಆಗುವುದೂ ಇದೇ. ರೋಮಕೂಪ ಆ ತಾಪ ಮುಟ್ಟಬೇಕು, ಹೊರಚರ್ಮ ಮುಟ್ಟಬಾರದು. ಚಿಕಿತ್ಸೆಯ ಎಲ್ಲ ಕೌಶಲವೂ ಈ ಅಂತರವನ್ನು ಕಾಯ್ದುಕೊಳ್ಳುವುದರಲ್ಲಿದೆ.

ಆ ಬೆಳಕಿನ ಪ್ರಖರತೆ ಎಷ್ಟೆಂದು ಗಮನಿಸಿ. ಒಂದು ಚದರ ಸೆಂಟಿಮೀಟರಿಗೆ 30 ಜೂಲ್ ಶಕ್ತಿಯನ್ನು 30 ಮಿಲಿಸೆಕೆಂಡುಗಳಲ್ಲಿ ಹಾಯಿಸಿದರೆ ಅದು 1,000 ವಾಟ್ ಆಯಿತು. ನಡುಹಗಲಿನ ಬಿಸಿಲು ಒಂದು ಚದರ ಸೆಂಟಿಮೀಟರಿಗೆ ಕೊಡುವುದು ಸುಮಾರು 0.1 ವಾಟ್. ಅಂದರೆ ಆ ಕ್ಷಣಕ್ಕೆ ಚರ್ಮದ ಮೇಲೆ ಹತ್ತು ಸಾವಿರ ಸೂರ್ಯರ ಬೆಳಕು!

ಕೂದಲು ಮತ್ತೆ ಏಕೆ ಬೆಳೆಯುತ್ತದೆ?

ಬಾಸ್ಟನ್ನಿನಲ್ಲಿ ಕಂದು ಅಥವಾ ಕಪ್ಪು ಕೂದಲಿನ 13 ಸ್ವಯಂಸೇವಕರ ಮೇಲೆ ರೂಬಿ ಲೇಸರ್ ಪ್ರಯೋಗಿಸಿದ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಬೆಳಕಿನಿಂದ ಕೂದಲಿನ ಬೆಳವಣಿಗೆಯನ್ನು ದೀರ್ಘಕಾಲ ತಡೆಯಬಹುದು ಎಂಬ ಭರವಸೆ ಮೂಡಿದ್ದು ಆ ಮೇಲೆ. ಆದರೆ ಒಂದೇ ಬಾರಿಗೆ ಕೆಲಸ ಮುಗಿಯುವುದಿಲ್ಲ ಎಂಬುದೂ ಬೇಗನೆ ತಿಳಿದುಬಂತು.

ಕಾರಣ ಕೂದಲಿನ ಜೀವನಚಕ್ರ. ಪ್ರತಿ ಕೂದಲಿಗೂ ಬೆಳೆಯುವ, ಕುಗ್ಗುವ ಮತ್ತು ವಿಶ್ರಮಿಸುವ ಹಂತಗಳಿವೆ. ಬೆಳೆಯುವ ಹಂತದಲ್ಲಿ ಮಾತ್ರ ಕೂದಲಿನ ಬುಡದಲ್ಲಿ ಮೆಲನಿನ್ ತಯಾರಾಗುತ್ತಿರುತ್ತದೆ. ವಿಶ್ರಾಂತ ಹಂತದಲ್ಲಿರುವ ರೋಮಕೂಪದಲ್ಲಿ ಬೆಳಕನ್ನು ಹೀರಲು ಹೆಚ್ಚೇನೂ ಇರುವುದಿಲ್ಲ. ತಲೆಗೂದಲಿನಲ್ಲಿ ಶೇಕಡ 85ಕ್ಕೂ ಹೆಚ್ಚು ಬೆಳೆಯುವ ಹಂತದಲ್ಲಿರುತ್ತವೆ, ಕೈಕಾಲುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ. ಹೀಗಾಗಿ ಒಂದು ಸರದಿಯಲ್ಲಿ ತಪ್ಪಿಸಿಕೊಂಡ ಕೂದಲುಗಳಿಗಾಗಿ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಆರು ಅಥವಾ ಹೆಚ್ಚು ಬಾರಿ ಚಿಕಿತ್ಸೆ ಬೇಕಾಗುತ್ತದೆ.

ಇನ್ನೊಂದು ತೊಡಕೂ ಇದೆ. ಹೊಸ ಕೂದಲನ್ನು ಹುಟ್ಟಿಸುವ ಆಕರ ಕೋಶಗಳು ರೋಮಕೂಪದ ಹೊರಗೋಡೆಯ ಉಬ್ಬಿನಲ್ಲಿವೆ. ಬೆಳಕನ್ನು ಹೀರುವ ಮೆಲನಿನ್ ಇರುವುದು ನಡುವಿನ ಎಳೆಯಲ್ಲಿ ಮತ್ತು ಬುಡದಲ್ಲಿ. ಕೊಲ್ಲಬೇಕಾದದ್ದು ಒಂದು ಕಡೆ, ಬಿಸಿಯಾಗುವುದು ಇನ್ನೊಂದು ಕಡೆ! ಎಳೆಯ ಶಾಖ ಗೋಡೆಯವರೆಗೆ ಹರಿಯಲು ಸಮಯ ಕೊಡಬೇಕು. ಆದ್ದರಿಂದಲೇ 2001ರಲ್ಲಿ 1983ರ ತತ್ತ್ವವನ್ನು ವಿಸ್ತರಿಸಿ, ಎಳೆಯ ವಿಶ್ರಾಂತಿ ಕಾಲಕ್ಕಿಂತ ಉದ್ದನೆಯ ಸ್ಪಂದಗಳು ಬೇಕೆಂದು ತೋರಿಸಲಾಯಿತು.

ಈ ಎರಡು ಸಂಗತಿಗಳಿಂದ ಕೆಲವು ವಿಷಯಗಳನ್ನು ನೀವೇ ಊಹಿಸಬಹುದು. ನರೆತ ಕೂದಲಿಗೆ ಈ ಚಿಕಿತ್ಸೆ ನಾಟುವುದಿಲ್ಲ, ಏಕೆಂದರೆ ಅದರಲ್ಲಿ ಮೆಲನಿನ್ ಇಲ್ಲ. ಚಿಕಿತ್ಸೆಗೆ ಮೊದಲಿನ ವಾರಗಳಲ್ಲಿ ವ್ಯಾಕ್ಸಿಂಗ್, ಥ್ರೆಡಿಂಗ್ ಮಾಡಬಾರದು, ಏಕೆಂದರೆ ಬೇರು ಸಮೇತ ಕಿತ್ತುಬಂದರೆ ಬೆಳಕನ್ನು ಹೀರುವ ಎಳೆಯೇ ಅಲ್ಲಿರುವುದಿಲ್ಲ. ಕ್ಷೌರ ಮಾಡಬಹುದು, ಮಾಡಲೂಬೇಕು. ಇಲ್ಲದಿದ್ದರೆ ಮೇಲಿರುವ ಕೂದಲೇ ಉರಿದು ಚರ್ಮವನ್ನು ಸುಡುತ್ತದೆ.

'ಶಾಶ್ವತ ನಿವಾರಣೆ' ಎಂಬ ಪದವನ್ನೂ ಇಲ್ಲೇ ಪರೀಕ್ಷಿಸೋಣ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ತಯಾರಕರಿಗೆ 'ಶಾಶ್ವತ ಇಳಿಕೆ' ಎಂದು ಹೇಳಿಕೊಳ್ಳಲು ಅವಕಾಶ ಕೊಟ್ಟಿದೆ, 'ಶಾಶ್ವತ ನಿವಾರಣೆ' ಎನ್ನಲು ಅಲ್ಲ. ಚಿಕಿತ್ಸೆಯ ನಂತರ ಮರಳಿ ಬೆಳೆಯುವ ಕೂದಲುಗಳ ಸಂಖ್ಯೆ ದೀರ್ಘಕಾಲ ಕಡಿಮೆಯಾಗಿಯೇ ಉಳಿಯುತ್ತದೆ ಎಂಬುದಷ್ಟೇ ಆ ಮಾತಿನ ಅರ್ಥ. ಭಾರತದ ಚರ್ಮತಜ್ಞರ ಸಂಘವು 2008ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಶೀರ್ಷಿಕೆಯಲ್ಲೂ ಇರುವುದು ಕೂದಲಿನ 'ಇಳಿಕೆ' ಎಂಬ ಪದವೇ.

ನಮ್ಮ ಚರ್ಮದ ಲೆಕ್ಕ ಬೇರೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೂದಲಿನಲ್ಲಿರುವ ಮೆಲನಿನ್ನೇ ಚರ್ಮದ ಹೊರಪದರದಲ್ಲೂ ಇದೆ. ಬೆಳಕು ಬೇರನ್ನು ತಲುಪಬೇಕಾದರೆ ಆ ಹೊರಪದರವನ್ನು ದಾಟಲೇಬೇಕು. ಬಿಳಿ ಚರ್ಮದಲ್ಲಿ ಕಪ್ಪು ಕೂದಲಿದ್ದರೆ ತೊಂದರೆಯಿಲ್ಲ. ದಾರಿಯಲ್ಲಿ ಬೆಳಕನ್ನು ಹೀರುವವರು ಕಡಿಮೆ, ಗುರಿಯಲ್ಲಿ ಹೆಚ್ಚು. ಕಂದು ಚರ್ಮದಲ್ಲಿ ಬೆಳಕಿನ ಒಂದು ಪಾಲು ದಾರಿಯಲ್ಲೇ ಹೀರಲ್ಪಟ್ಟು ಹೊರಚರ್ಮ ಕಾಯುತ್ತದೆ, ಬೇರಿಗೆ ತಲುಪುವ ಪಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ನಷ್ಟ ಎರಡೂ ಕಡೆ. ತೀವ್ರತೆ ಹೆಚ್ಚಿಸಿದರೆ ಚರ್ಮ ಸುಡುತ್ತದೆ, ತಗ್ಗಿಸಿದರೆ ಕೂದಲು ಉಳಿಯುತ್ತದೆ.

ಮೆಲನಿನ್ ತಯಾರಿಸುವ ಕೋಶಗಳ ಸಂಖ್ಯೆ ಎಲ್ಲ ಜನಾಂಗಗಳಲ್ಲೂ ಹೆಚ್ಚುಕಡಿಮೆ ಒಂದೇ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. ವ್ಯತ್ಯಾಸವಿರುವುದು ಮೆಲನಿನ್ ಕಣಗಳ ಗಾತ್ರ, ಸಂಖ್ಯೆ ಮತ್ತು ಹಂಚಿಕೆಯಲ್ಲಿ. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣ ಬೆಳೆದು, ಇಂದು ಚರ್ಮವನ್ನು ಬಿಸಿಲಿಗೆ ಅದು ತೋರುವ ಪ್ರತಿಕ್ರಿಯೆಯ ಆಧಾರದ ಮೇಲೆ ಆರು ವರ್ಗಗಳಾಗಿ ವಿಂಗಡಿಸುತ್ತಾರೆ. ಅತಿ ಬಿಳಿಯದು ಒಂದನೆಯ ವರ್ಗ, ಅತಿ ಕಪ್ಪು ಆರನೆಯದು. ಭಾರತೀಯರಲ್ಲಿ ಹೆಚ್ಚಿನವರ ಚರ್ಮ ನಾಲ್ಕು ಮತ್ತು ಐದನೆಯ ವರ್ಗಗಳಲ್ಲಿ ಬರುತ್ತದೆ.

ಪರಿಹಾರವನ್ನು ರೋಹಿತದಲ್ಲೇ ಹುಡುಕಬೇಕು. ಮೆಲನಿನ್ನಿನ ಹೀರಿಕೆ ತರಂಗಾಂತರ ಹೆಚ್ಚಿದಂತೆ ಇಳಿಯುತ್ತದೆ ಎಂದೆವಷ್ಟೆ? 1,064 ನ್ಯಾನೊಮೀಟರಿನಲ್ಲಿ ಅದು 755ರಲ್ಲಿದ್ದುದರ ಸುಮಾರು ಮೂರನೆಯ ಒಂದು ಭಾಗ, ರೂಬಿಯ 694ರಲ್ಲಿದ್ದುದರ ಸುಮಾರು ಕಾಲು ಭಾಗ ಮಾತ್ರ. ಹೊರಚರ್ಮದ ತೆಳುವಾದ ಮೆಲನಿನ್ ಪದರ ಈ ಬೆಳಕನ್ನು ಬಹುಮಟ್ಟಿಗೆ ದಾಟಿಬಿಡುತ್ತದೆ. ಬೇರಿನಲ್ಲಿ ಮೆಲನಿನ್ ದಟ್ಟವಾಗಿರುವುದರಿಂದ ಅಲ್ಲಿ ಸಾಕಷ್ಟು ಹೀರಿಕೆ ಉಳಿಯುತ್ತದೆ. ಆದ್ದರಿಂದಲೇ ಕಪ್ಪು ಚರ್ಮಕ್ಕೆ ಎನ್‌ಡಿ-ಯಾಗ್ ಲೇಸರನ್ನು ಹೆಚ್ಚು ಸುರಕ್ಷಿತವೆಂದು ಪರಿಗಣಿಸುತ್ತಾರೆ. ಇದಕ್ಕೂ ಬೆಲೆ ತೆರಬೇಕು. ತೆಳುವಾದ, ಬಣ್ಣ ಕಡಿಮೆಯಿರುವ ಕೂದಲಿನ ಮೇಲೆ ಇದರ ಪರಿಣಾಮ ಕಡಿಮೆ. ಡಯೋಡ್ ಲೇಸರನ್ನೂ ಉದ್ದನೆಯ ಸ್ಪಂದ ಮತ್ತು ಎಚ್ಚರದ ತೀವ್ರತೆಯೊಂದಿಗೆ ನಮ್ಮಲ್ಲಿ ವ್ಯಾಪಕವಾಗಿ ಬಳಸುತ್ತಾರೆ.

ಎರಡನೆಯ ಉಪಾಯ ತಂಪುಗೊಳಿಸುವುದು. ಸ್ಪಂದ ಹೊಮ್ಮುವ ಮುನ್ನ ಚರ್ಮದ ಮೇಲೆ ಬೇಗ ಆವಿಯಾಗುವ ದ್ರವವನ್ನು ಸಿಂಪಡಿಸುತ್ತಾರೆ, ತಣ್ಣನೆಯ ಗಾಳಿ ಹಾಯಿಸುತ್ತಾರೆ ಅಥವಾ ತಂಪಾದ ನೀಲಮಣಿಯ ಫಲಕವನ್ನು ಒತ್ತುತ್ತಾರೆ. ನೀಲಮಣಿ ಏಕೆ? ಅದು ಬೆಳಕಿಗೆ ಪಾರದರ್ಶಕ, ಜೊತೆಗೆ ಗಾಜಿಗಿಂತ ಎಷ್ಟೋ ಪಾಲು ಉತ್ತಮ ಉಷ್ಣವಾಹಕ. ಹೊರಪದರ ತಂಪಾಗುತ್ತದೆ, ಕೆಲವು ಮಿಲಿಮೀಟರ್ ಆಳದ ಬೇರಿಗೆ ಆ ತಂಪು ಅಷ್ಟು ಬೇಗ ತಲುಪುವುದಿಲ್ಲ. ಉಷ್ಣ ವಹನದ ನಿಧಾನಗತಿಯೇ ಇಲ್ಲಿ ನಮ್ಮ ನೆರವಿಗೆ ಬರುತ್ತದೆ.

ಲೆಕ್ಕ ತಪ್ಪಿದಾಗ ಏನಾಗುತ್ತದೆ? ಗುಳ್ಳೆಗಳೇಳಬಹುದು, ಗಾಯದ ಗುರುತು ಉಳಿಯಬಹುದು. ನಮ್ಮ ಚರ್ಮದಲ್ಲಿ ಇನ್ನೂ ಸಾಮಾನ್ಯವಾದದ್ದು ಉರಿಯೂತದ ನಂತರ ಉಳಿಯುವ ಕಪ್ಪು ಕಲೆ. ಕೆರಳಿದ ಚರ್ಮ ಹೆಚ್ಚು ಮೆಲನಿನ್ ತಯಾರಿಸಿಬಿಡುತ್ತದೆ. ಆ ಕಲೆ ತಿಂಗಳುಗಟ್ಟಲೆ ಇರಬಹುದು. ಕೆಲವೊಮ್ಮೆ ಬಣ್ಣ ಹೋಗಿ ಬಿಳಿ ಮಚ್ಚೆಯೂ ಉಳಿಯುತ್ತದೆ. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ಚಿಕಿತ್ಸೆ ಮಾಡಬಾರದೆನ್ನುವುದು ಇದೇ ಕಾರಣಕ್ಕೆ. ಹಚ್ಚೆಯ ಮೇಲಂತೂ ಬೆಳಕು ಹಾಯಿಸಲೇಬಾರದು. ಹಚ್ಚೆಯ ಶಾಯಿ ಬೆಳಕನ್ನು ಹೀರಿ ಸುಟ್ಟ ಗಾಯ ಮಾಡುತ್ತದೆ. ಹಚ್ಚೆ ತೆಗೆಯಲು ಬಳಸುವ ಲೇಸರ್‌ಗಳ ಸ್ಪಂದ ಇವುಗಳಿಗಿಂತ ಲಕ್ಷಾಂತರ ಪಾಲು ಚಿಕ್ಕದು.

ಇನ್ನೊಂದು ವಿಚಿತ್ರ ಪರಿಣಾಮವೂ ದಾಖಲಾಗಿದೆ. ಕೆಲವರಲ್ಲಿ, ವಿಶೇಷವಾಗಿ ಕಂದು ಚರ್ಮದ ಮಹಿಳೆಯರ ಮುಖ ಮತ್ತು ಕತ್ತಿನ ಭಾಗದಲ್ಲಿ, ಚಿಕಿತ್ಸೆಯ ನಂತರ ಕೂದಲು ಕಡಿಮೆಯಾಗುವ ಬದಲು ಹೆಚ್ಚಾಗಿದೆ. ಬೇರನ್ನು ಕೊಲ್ಲುವಷ್ಟು ಇಲ್ಲದ ಶಾಖ ಮಲಗಿದ್ದ ರೋಮಕೂಪಗಳನ್ನು ಎಬ್ಬಿಸುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲೊಂದು. ಸುಡುವ ಭಯದಿಂದ ತೀವ್ರತೆಯನ್ನು ತೀರ ತಗ್ಗಿಸುವುದೂ ನಿರಪಾಯಕಾರಿಯಲ್ಲ ಎಂದಾಯಿತು.

ಮೊಡವೆಗೆ ಬೆಳಕು

ಮೊಡವೆಯ ಕಥೆ ಬೇರೆ. ಹರೆಯದಲ್ಲಿ ಆಂಡ್ರೊಜನ್ ಹಾರ್ಮೋನುಗಳ ಪ್ರಭಾವದಿಂದ ಚರ್ಮದ ತೈಲಗ್ರಂಥಿಗಳು ಹಿಗ್ಗಿ ಹೆಚ್ಚು ಜಿಡ್ಡನ್ನು ಸ್ರವಿಸುತ್ತವೆ. ರೋಮಕೂಪದ ಬಾಯಿ ಸತ್ತ ಕೋಶಗಳಿಂದ ಕಟ್ಟಿಕೊಳ್ಳುತ್ತದೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ ಒಂದು ಬ್ಯಾಕ್ಟೀರಿಯ ವೃದ್ಧಿಸುತ್ತದೆ. ಪ್ರೊಪಿಯೊನಿಬ್ಯಾಕ್ಟೀರಿಯಂ ಆಕ್ನೆಸ್ ಎಂದಿದ್ದ ಅದರ ಹೆಸರು 2016ರಿಂದ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಎಂದಾಗಿದೆ. ಇವೆಲ್ಲದರ ಫಲವಾಗಿ ಉರಿಯೂತ ಉಂಟಾಗುತ್ತದೆ. ಮೊಡವೆಯ ಕಪ್ಪು ಚುಕ್ಕೆ ಕೊಳೆಯಲ್ಲ. ಗಾಳಿಗೆ ತೆರೆದುಕೊಂಡ ಜಿಡ್ಡು ಮತ್ತು ಮೆಲನಿನ್ ಅದಕ್ಕೆ ಆ ಬಣ್ಣ ಕೊಡುತ್ತವೆ. ಮುಖ ತೊಳೆಯದ ಕೊಳಕರಿಗೆ ಮೊಡವೆ ಬರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ತರಗತಿಯಲ್ಲಿ ಇದನ್ನು ಹೇಳುವುದು ಒಳ್ಳೆಯದು.

ಈ ಬ್ಯಾಕ್ಟೀರಿಯ ಪಾರ್ಫಿರಿನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಹಿಮೋಗ್ಲೋಬಿನ್ನಿನ ಹೀಮ್ ಭಾಗ ಮತ್ತು ಎಲೆಯ ಕ್ಲೋರೊಫಿಲ್ ಇದೇ ಕುಟುಂಬದವು. ಪಾರ್ಫಿರಿನ್ ಸುಮಾರು 415 ನ್ಯಾನೊಮೀಟರಿನ ನೇರಿಳೆ-ನೀಲಿ ಬೆಳಕನ್ನು ಬಲವಾಗಿ ಹೀರುತ್ತದೆ. 1,240ನ್ನು 415ರಿಂದ ಭಾಗಿಸಿದರೆ ಆ ಫೋಟಾನಿನ ಶಕ್ತಿ ದೊರೆಯುತ್ತದೆ, ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಹೀಗೆ ಉದ್ರೇಕಗೊಂಡ ಪಾರ್ಫಿರಿನ್ ತನ್ನ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಅದರಿಂದ ಹುಟ್ಟುವ ಅತಿ ಚುರುಕಾದ ಆಮ್ಲಜನಕ ಬ್ಯಾಕ್ಟೀರಿಯವನ್ನೇ ಕೊಲ್ಲುತ್ತದೆ. ಗಮನಿಸಿ, ಇಲ್ಲಿ ಕೆಲಸ ಮಾಡುವುದು ಶಾಖವಲ್ಲ, ರಾಸಾಯನಿಕ ಕ್ರಿಯೆ. ಆದ್ದರಿಂದ ಲೇಸರಿನ ಪ್ರಖರತೆ ಬೇಕಿಲ್ಲ, ಎಲ್‌ಇಡಿ ದೀಪವೂ ಸಾಕು.

ನೀಲಿ ಬೆಳಕಿನ ಮಿತಿಯನ್ನು ಟಾರ್ಚ್ ಪ್ರಯೋಗದಲ್ಲೇ ನೀವು ಕಂಡಿರಿ. ಅದು ಒಂದು ಮಿಲಿಮೀಟರ್ ಆಳಕ್ಕೂ ಸರಿಯಾಗಿ ಇಳಿಯದು. ಆಳಕ್ಕೆ ಹೋಗುವ ಕೆಂಪು ಬೆಳಕನ್ನು ಪಾರ್ಫಿರಿನ್ ಅಷ್ಟಾಗಿ ಹೀರದು. ಹಾಗಾಗಿ ಎರಡನ್ನೂ ಸೇರಿಸಿ ಕೊಡುವ ಪದ್ಧತಿ ಬಂದಿದೆ. ಇಲ್ಲಿಯೂ ನಮ್ಮ ಚರ್ಮಕ್ಕೆ ಬೇರೆಯೇ ಒಂದು ಎಚ್ಚರಿಕೆ ಇದೆ. 415 ನ್ಯಾನೊಮೀಟರಿನ ಬೆಳಕು ಮೂರು ಮತ್ತು ನಾಲ್ಕನೆಯ ವರ್ಗದ ಚರ್ಮವನ್ನು ಕಪ್ಪಾಗಿಸುತ್ತದೆ, 630ರ ಕೆಂಪು ಬೆಳಕು ಹಾಗೆ ಮಾಡುವುದಿಲ್ಲ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೊಡವೆ ಕಳೆಯಲು ಹೋಗಿ ಕಪ್ಪು ಬಣ್ಣ ಪಡೆಯುವ ಸಾಧ್ಯತೆ ಇದೆ ಎಂದರ್ಥ.

ಪರಿಣಾಮ ಎಷ್ಟು? 2016ರಲ್ಲಿ ಕಾಕ್ರೇನ್ ಸಂಸ್ಥೆ ಮೊಡವೆಯ ಬೆಳಕಿನ ಚಿಕಿತ್ಸೆಗಳ ಬಗ್ಗೆ 71 ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಅವುಗಳಲ್ಲಿ ಭಾಗವಹಿಸಿದವರು 4,200ಕ್ಕೂ ಹೆಚ್ಚು ಜನ. ಆದರೂ ಹೆಚ್ಚಿನ ಚಿಕಿತ್ಸೆಗಳ ಬಗ್ಗೆ ದೃಢವಾಗಿ ಏನನ್ನೂ ಹೇಳುವಷ್ಟು ಗುಣಮಟ್ಟದ ಸಾಕ್ಷ್ಯ ಸಿಗಲಿಲ್ಲ. ಇಂದಿಗೂ ಮೊಡವೆಗೆ ಮೊದಲ ಆಯ್ಕೆ ಬೆಂಜಾಯಿಲ್ ಪೆರಾಕ್ಸೈಡ್, ರೆಟಿನಾಯ್ಡ್‌ನಂಥ ಲೇಪನಗಳು, ತೀವ್ರವಾಗಿದ್ದರೆ ವೈದ್ಯರು ಕೊಡುವ ಮಾತ್ರೆಗಳು. ಬೆಳಕು ಪೂರಕ ಮಾತ್ರ.

ಈಚಿನ ಒಂದು ಬೆಳವಣಿಗೆ ಆಸಕ್ತಿಕರವಾಗಿದೆ. ಜಿಡ್ಡಿನ ಅಣುಗಳಲ್ಲಿ ಇಂಗಾಲ-ಜಲಜನಕ ಬಂಧಗಳು ಹೇರಳವಾಗಿವೆ. ಈ ಬಂಧದ ಕಂಪನ ಸುಮಾರು 3.4 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ಬೆಳಕನ್ನು ಹೀರುತ್ತದೆ. ತಂತಿವಾದ್ಯದ ಮೇಲುಸ್ವರದಂತೆ, ಇದರ ಅರ್ಧದಷ್ಟು ತರಂಗಾಂತರದಲ್ಲಿ, ಅಂದರೆ 1.7 ಮೈಕ್ರೊಮೀಟರ್ ಬಳಿ ಇನ್ನೊಂದು ಹೀರಿಕೆ ಇದೆ. ಅಲ್ಲಿ ಜಿಡ್ಡು ನೀರಿಗಿಂತ ಹೆಚ್ಚು ಹೀರುತ್ತದೆ. ಈ ತತ್ತ್ವ ಆಧರಿಸಿದ 1,726 ನ್ಯಾನೊಮೀಟರಿನ ಲೇಸರಿಗೆ ಅಮೆರಿಕದಲ್ಲಿ 2022ರಲ್ಲಿ ಅನುಮತಿ ದೊರೆಯಿತು. ಇದು ತೈಲಗ್ರಂಥಿಯನ್ನೇ ಕಾಯಿಸುತ್ತದೆ. ಈ ತರಂಗಾಂತರದಲ್ಲಿ ಮೆಲನಿನ್ನಿನ ಹೀರಿಕೆ ತೀರ ಅಲ್ಪ. ಹಾಗಾಗಿ ಚರ್ಮದ ಬಣ್ಣ ಇಲ್ಲಿ ಅಷ್ಟಾಗಿ ಅಡ್ಡಬರುವುದಿಲ್ಲ. ಸರಿಯಾದ ಗುರಿಗೆ ಸರಿಯಾದ ತರಂಗಾಂತರ ಸಿಕ್ಕಿದರೆ ಏನು ಸಾಧ್ಯ ಎಂಬುದಕ್ಕೆ ಇದೊಂದು ನಿದರ್ಶನ. ನೀರೂ ಸ್ವಲ್ಪ ಹೀರುವುದರಿಂದ ಇದಕ್ಕೂ ತಂಪುಗೊಳಿಸುವ ವ್ಯವಸ್ಥೆ ಅಗತ್ಯ, ಚಿಕಿತ್ಸೆಯೂ ದುಬಾರಿ.

ಬೆಳಕು ಮುಟ್ಟದ ಕಾರಣಗಳು

ಹದಿಹರೆಯದ ಹುಡುಗಿಯ ಗಲ್ಲ, ಎದೆ ಅಥವಾ ಹೊಟ್ಟೆಯ ಮೇಲೆ ದಪ್ಪ ಕೂದಲು ಬೆಳೆಯುತ್ತಿದ್ದು, ಮುಟ್ಟು ಅನಿಯಮಿತವಾಗಿದ್ದು, ಜೊತೆಗೆ ಮೊಡವೆಯೂ ಹೆಚ್ಚಾಗಿದ್ದರೆ, ಅದು ಪಿಸಿಓಎಸ್ ಎಂದು ಪರಿಚಿತವಾಗಿರುವ ಹಾರ್ಮೋನು ತೊಂದರೆಯ ಲಕ್ಷಣವಿರಬಹುದು. ಲೇಸರ್ ಇರುವ ಕೂದಲನ್ನು ಸುಡಬಲ್ಲದು, ಹಾರ್ಮೋನನ್ನು ಬದಲಿಸಲಾರದು. ಕಾರಣ ಹಾಗೆಯೇ ಉಳಿದರೆ ಹೊಸ ಕೂದಲು ಬರುತ್ತಲೇ ಇರುತ್ತದೆ, ಹಣ ಖರ್ಚಾಗುತ್ತಲೇ ಇರುತ್ತದೆ. ಇಂಥ ಹುಡುಗಿ ಮೊದಲು ಹೋಗಬೇಕಾದದ್ದು ವೈದ್ಯರ ಬಳಿಗೆ. ಅವಳನ್ನು ಆ ಕಡೆಗೆ ಕಳಿಸುವ ಅವಕಾಶ ಅನೇಕ ಸಲ ಮೊದಲು ಸಿಗುವುದು ಶಿಕ್ಷಕಿಗೆ.

ಕೇಳಬೇಕಾದ ಪ್ರಶ್ನೆಗಳು

ನೀವಾಗಲಿ ನಿಮ್ಮ ವಿದ್ಯಾರ್ಥಿಗಳ ಮನೆಯವರಾಗಲಿ ಇಂಥ ಚಿಕಿತ್ಸೆಗೆ ಮುಂದಾದರೆ ಈ ಪ್ರಶ್ನೆಗಳನ್ನು ಕೇಳಿ. ಯಂತ್ರ ಲೇಸರೋ ಐಪಿಎಲ್ಲೋ? ಲೇಸರಾದರೆ ಅದರ ತರಂಗಾಂತರ ಎಷ್ಟು? ನನ್ನ ಚರ್ಮ ಯಾವ ವರ್ಗದ್ದೆಂದು ಪರೀಕ್ಷಿಸಿದ್ದೀರಾ? ಮೊದಲು ಒಂದು ಸಣ್ಣ ಜಾಗದಲ್ಲಿ ಪ್ರಯೋಗಿಸಿ, ಕೆಲವು ದಿನ ಕಾದು ನೋಡುತ್ತೀರಾ? ಚರ್ಮವನ್ನು ತಂಪುಗೊಳಿಸುವ ವ್ಯವಸ್ಥೆ ಇದೆಯೇ? ಸುಟ್ಟ ಗಾಯವಾದರೆ ನೋಡಿಕೊಳ್ಳುವ ಚರ್ಮತಜ್ಞರು ಇಲ್ಲಿದ್ದಾರೆಯೇ? ನೀವು ತೆಗೆದುಕೊಳ್ಳುತ್ತಿರುವ ಔಷಧಿಗಳನ್ನೆಲ್ಲ ತಪ್ಪದೆ ತಿಳಿಸಿ, ಕೆಲವು ಔಷಧಿಗಳು ಚರ್ಮವನ್ನು ಬೆಳಕಿಗೆ ಅತಿಸೂಕ್ಷ್ಮವಾಗಿಸುತ್ತವೆ.

ಕಣ್ಣಿನ ರಕ್ಷಣೆಯ ಬಗ್ಗೆಯೂ ಕೇಳಿ. 1,064 ನ್ಯಾನೊಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿನ ಮಸೂರ ಅದನ್ನೂ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ. ಆ ತರಂಗಾಂತರಕ್ಕೆಂದೇ ತಯಾರಿಸಿದ ಕನ್ನಡಕ ಚಿಕಿತ್ಸೆ ಕೊಡುವವರಿಗೂ ಪಡೆಯುವವರಿಗೂ ಬೇಕು. ಸಾಧಾರಣ ತಂಪು ಕನ್ನಡಕ ಸಾಲದು. ಮನೆಯ ಸಾಧನ ಕೊಳ್ಳುವವರು ಅದರೊಂದಿಗೆ ಬರುವ ಚರ್ಮವರ್ಣದ ಪಟ್ಟಿಯನ್ನು ಮೊದಲು ನೋಡಬೇಕು. ಕಪ್ಪು ಚರ್ಮಕ್ಕೆ ಬಳಸಬಾರದೆಂದು ಅನೇಕ ಸಾಧನಗಳ ಮೇಲೆ ತಯಾರಕರೇ ಬರೆದಿರುತ್ತಾರೆ.

ತರಂಗಾಂತರ ಎಷ್ಟೆಂಬ ಪ್ರಶ್ನೆಗೆ ಉತ್ತರವಾಗಿ ಒಂದು ಸಂಖ್ಯೆ ಸಿಕ್ಕರೆ ಮಾತು ಮುಂದುವರಿಸಬಹುದು. 'ಇದು ಎಲ್ಲ ಚರ್ಮಕ್ಕೂ ಆಗುತ್ತದೆ' ಎಂಬುದಷ್ಟೇ ಉತ್ತರವಾದರೆ ಅಲ್ಲಿಂದ ಎದ್ದು ಬರುವುದು ಲೇಸು.